ಒಂದೇ ಕಿಟಕಿ, 14 ವರ್ಷ

ಕೇಳುಗರೆಲ್ಲರಿಗೂ ನಮಸ್ಕಾರ. ಫೋಟೋಗ್ರಫಿಯಲ್ಲಿ ಕಲೆ ಅಂದ ತಕ್ಷಣ ನಮಗೆ ಹಿಮಾಲಯ, ಹುಲಿ, ಮಳೆಗಾಲದ ಜೋಗ ಇಂಥವೇ ನೆನಪಾಗುತ್ತವೆ. ಎಲ್ಲೋ ದೂರ ಹೋಗಬೇಕು, ಗಂಟೆಗಟ್ಟಲೆ ಕಾದು ಕೂರಬೇಕು, ಅಲ್ವಾ? ಇವತ್ತು ನಾನು ಹೇಳಹೊರಟಿರುವುದು ತನ್ನ ಸ್ಟುಡಿಯೋದ ಕಿಟಕಿಯನ್ನೇ 14 ವರ್ಷ ಫೋಟೋ ತೆಗೆದ ಒಬ್ಬರ ಬಗ್ಗೆ. ಹೆಸರು ಯೋಸೆಫ್ ಸುಡೆಕ್. 1896ರಲ್ಲಿ ಹುಟ್ಟಿದವರು, ಬದುಕಿದ್ದು ಪ್ರಾಗ್ ನಗರದಲ್ಲಿ.

ಕಲಿತದ್ದು ಪುಸ್ತಕ ಬೈಂಡಿಂಗ್. ಮೊದಲ ಮಹಾಯುದ್ಧದಲ್ಲಿ ಇಟಲಿಯ ಕಡೆ ಗಾಯವಾಗಿ ಬಲಗೈಯನ್ನೇ ತೆಗೆಯಬೇಕಾಯಿತು. ಒಂದು ಕೈಯಲ್ಲಿ ಬೈಂಡಿಂಗ್ ಮಾಡೋದು ಹೇಗೆ? ಕ್ಯಾಮೆರಾ ಹಿಡಿದರು. ಅದರಲ್ಲಾದರೂ ಹಗುರವಾದದ್ದು ನೋಡಿಕೊಂಡರಾ, ಅದೂ ಇಲ್ಲ. ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಭಾರದ ಹಳೇ ಕ್ಯಾಮೆರಾಗಳನ್ನೇ ಹೊತ್ತು ಊರೆಲ್ಲ ತಿರುಗಿದರು.

1926ರಲ್ಲಿ ಚೆಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಗೆಳೆಯರ ಜೊತೆ ಇಟಲಿಗೆ ಹೋದರು. ಕಛೇರಿ ನಡೆಯುತ್ತಿದ್ದಾಗಲೇ ಎದ್ದು ಹೊರಟರು. ಕೈ ಕಳೆದುಕೊಂಡ ಜಾಗವನ್ನು ಹುಡುಕಿಕೊಂಡು. ಗಾಯಗೊಂಡಾಗ ಇರಿಸಿದ್ದ ರೈತನ ಮನೆ ಸಿಕ್ಕಿತು, ಕೈ ಎಲ್ಲಿ ಸಿಗಬೇಕು? ಪ್ರಾಗ್‌ಗೆ ಮರಳುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಆಮೇಲೆ ಪರದೇಶದ ಸಹವಾಸವೇ ಸಾಕು ಅನ್ನಿಸಿಬಿಟ್ಟಿತು ಅವರಿಗೆ.

ಮರುವರ್ಷ ಊಯೆಜ್ದ್ ಬೀದಿಯಲ್ಲಿ, ದೊಡ್ಡ ಮನೆಗಳ ಹಿಂದಿನ ಅಂಗಳದಲ್ಲಿದ್ದ ಮರದ ಸಣ್ಣ ಸ್ಟುಡಿಯೋ ಒಂದನ್ನು ಹಿಡಿದರು. ನಾಜಿಗಳು ಪ್ರಾಗ್‌ಗೆ ಬಂದ ಮೇಲೆ ಬೀದಿಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲೋದೇ ಕಷ್ಟವಾಯಿತು. ಕ್ಯಾಮೆರಾ ಕಿಟಕಿಯತ್ತ ತಿರುಗಿತು. 1940ರಿಂದ 1954ರವರೆಗೆ ಅದೇ ಕಿಟಕಿ.

ಹೊರಗೆ ಇದ್ದದ್ದಾದರೂ ಏನು? ಒಂದಿಷ್ಟು ತೋಟ, ಸೊಟ್ಟಗೆ ತಿರುಚಿಕೊಂಡ ಒಂದು ಮರ. ಆದರೆ ನಡುವೆ ಗಾಜಿತ್ತಲ್ಲ, ಆಟವೆಲ್ಲ ಅದರದ್ದೇ. ಒಳಗೆ ಬೆಚ್ಚಗೆ, ಹೊರಗೆ ಚಳಿ, ಗಾಜಿನ ಮೇಲೆ ಆವಿ ಕೂತು ಹನಿಗಟ್ಟುತ್ತದೆ, ಹನಿ ಜಾರಿದ ಕಡೆ ಮಾತ್ರ ಗೆರೆಯಷ್ಟು ತೋಟ ಕಾಣುತ್ತದೆ, ಮಿಕ್ಕಿದ್ದೆಲ್ಲ ಮಬ್ಬು. ಚಳಿ ಇನ್ನೂ ಜಾಸ್ತಿಯಾದರೆ ಗಾಜಿನ ತುಂಬ ಹಿಮದ ಎಳೆಗಳು. ನಾವಾಗಿದ್ದರೆ ಬಟ್ಟೆ ತಂದು ಒರೆಸುತ್ತಿದ್ದೆವು. ಅವರು ಆ ಮಬ್ಬನ್ನೇ ಕೆಲಸಕ್ಕೆ ಹಚ್ಚಿದರು. ಕಿಟಕಿ ಕಟ್ಟೆಯ ಮೇಲೆ ಕೆಲವೊಮ್ಮೆ ಒಂದು ಲೋಟ ನೀರು, ಲೋಟದಲ್ಲೊಂದು ಗುಲಾಬಿ. ಅಷ್ಟೇ.

ಅದೇ 1940ರಲ್ಲಿ, 1900ರ ಸುಮಾರಿನ ಒಂದು ಹಳೇ ಪ್ರಿಂಟ್ ಅವರ ಕಣ್ಣಿಗೆ ಬಿತ್ತು. ಫ್ರಾನ್ಸಿನ ಶಾರ್ತ್ರ್ ಚರ್ಚಿನ ಶಿಲ್ಪದ ಚಿತ್ರ. ನೆಗೆಟಿವನ್ನು ನೇರವಾಗಿ ಕಾಗದದ ಮೇಲಿಟ್ಟು ಬೆಳಕು ಕೊಟ್ಟು ತೆಗೆದ ಕಾಂಟ್ಯಾಕ್ಟ್ ಪ್ರಿಂಟ್ ಅದು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ, ಹಿಗ್ಗಿಸುವ ಮಾತಿಲ್ಲ. ಅದರಲ್ಲಿ ಕಪ್ಪಿಗೂ ಬಿಳಿಗೂ ನಡುವಿನ ಬೂದು ಬಣ್ಣಗಳು ಎಷ್ಟು ಬಗೆಯಾಗಿ ಉಳಿಯುತ್ತವೆ ಎಂದು ಕಂಡದ್ದೇ, ಎನ್‌ಲಾರ್ಜರ್ ಬಿಟ್ಟುಬಿಟ್ಟರು.

ಅವರ ಸಹಾಯಕಿಯಾಗಿದ್ದ ಸೋನ್ಯಾ ಬುಲ್ಲಾಟಿ, ಮುಂದೆ ತಾವೂ ಫೋಟೋಗ್ರಾಫರ್ ಆದವರು, ಒಂದು ಘಟನೆ ಹೇಳಿದ್ದಾರೆ. ಹಳೇ ಕಟ್ಟಡವೊಂದರ ಕತ್ತಲೆ ಹಜಾರ. ಕ್ಯಾಮೆರಾ ನಿಲ್ಲಿಸಿ ಇಬ್ಬರೂ ಸುಮ್ನೆ ನೆಲದ ಮೇಲೆ ಕೂತು ಮಾತಾಡುತ್ತಿದ್ದರಂತೆ. ಬಿಸಿಲಿನ ಒಂದು ಕೋಲು ಒಳಗೆ ಬಿದ್ದದ್ದೇ ತಡ, ಸುಡೆಕ್ ಎದ್ದೇಬಿಟ್ಟರು. ಇಬ್ಬರೂ ಬಟ್ಟೆ ಬೀಸಿ ಬೀಸಿ ಶತಮಾನಗಳ ಧೂಳೆಬ್ಬಿಸಿದರು. ಯಾಕೆ? ಧೂಳಿದ್ದರೆ ತಾನೇ ಬೆಳಕು ಕಾಣೋದು!

ಇಂಥವರ ಕೋಣೆ ಚೊಕ್ಕಟವಾಗಿರುತ್ತದೆಯೇ? ಕಾಗದ, ಪ್ರಿಂಟು, ದಾರ, ಡಬ್ಬಿ, ಗ್ರಾಮಫೋನ್ ರೆಕಾರ್ಡು, ಓಡಾಡೋಕೂ ಜಾಗವಿರಲಿಲ್ಲ. ಆ ರಾಶಿಯನ್ನೂ ಬಿಡದೆ ಫೋಟೋ ತೆಗೆದು ಅದಕ್ಕೆ ಚಕ್ರವ್ಯೂಹ ಅಂತ ಹೆಸರಿಟ್ಟರು. ಮಂಗಳವಾರ ಸಂಜೆ ಗೆಳೆಯರೆಲ್ಲ ಅಲ್ಲೇ ಸೇರಿ ರೆಕಾರ್ಡು ಕೇಳುತ್ತಿದ್ದರು.

ಅವರು ತೀರಿಕೊಂಡದ್ದು 1976ರಲ್ಲಿ. ಸ್ಟುಡಿಯೋ 1985ರಲ್ಲಿ ಸುಟ್ಟುಹೋಯಿತು. 2000ದಲ್ಲಿ ಅದೇ ಜಾಗದಲ್ಲಿ ಅದರಂತೆಯೇ ಇನ್ನೊಂದನ್ನು ಕಟ್ಟಿದರು, ಈಗ ಅದು ಫೋಟೋ ಗ್ಯಾಲರಿ.

ಅವರ ಚಿತ್ರಗಳನ್ನು ಮೊಬೈಲಿನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಆದರೆ ಪರದೆಯ ಬೆಳಕಿಗೆ ಆ ಬೂದು ಬಣ್ಣಗಳು ಅರ್ಧಕ್ಕರ್ಧ ತಿಂದುಹೋಗುತ್ತವೆ ಅನ್ನೋದು ನನ್ನ ದೂರು. ಒಳ್ಳೆ ಮುದ್ರಣದ ಪುಸ್ತಕ ಯಾವುದಾದರೂ ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ಯಾರಾದರೂ ಪ್ರಾಗ್ ಕಡೆ ಹೋಗುವವರಿದ್ದರೆ, ಅಲ್ಲಿನ ಅಲಂಕಾರ ಕಲೆಗಳ ಮ್ಯೂಸಿಯಂ ಬಳಿ ಸುಡೆಕ್ ಅವರ ದೊಡ್ಡ ಸಂಗ್ರಹವೇ ಇದೆ. ನಮಸ್ಕಾರ.