ಊರ ಉಸಾಬರಿಯೇ ಅವರ ಕಾಲೇಜು ಮಜಾ

ಹಳೇ ಕಾಲದ ಕಾಲೇಜು ಅಂದ ಕೂಡಲೇ ಕ್ಯಾಂಟೀನು, ಮಾರ್ನಿಂಗ್ ಶೋ, ಸೈಕಲ್ ಸುತ್ತಾಟ ಅಂತಲೇ ಮಾತು ಶುರುವಾಗುತ್ತೆ. ಅದೆಲ್ಲ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಆ ಹುಡುಗರಿಗೆ ನಿಜವಾದ ರುಚಿ ಹತ್ತಿದ್ದು ಊರ ಉಸಾಬರಿಯಲ್ಲಿ: ಪತ್ರಿಕೆ, ಚರ್ಚೆ, ಕರಪತ್ರ, ಚಳವಳಿ. ಅದು ಕಾಲೇಜಿಗೆ ಅಡ್ಡ ಬರೋ ಕೆಲಸ ಅಂತ ಅವರು ಅಂದುಕೊಳ್ಳಲೇ ಇಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೇ ನೋಡಿ. ಎ.ಆರ್. ಕೃಷ್ಣಶಾಸ್ತ್ರಿಗಳು ಮುಂದೆ ನಿಂತು ಬೆಳೆಸಿದ ಅಲ್ಲಿನ ಕರ್ನಾಟಕ ಸಂಘ 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಶುರು ಮಾಡಿತು. ಕಾಲೇಜು ಸಂಘದ ಪತ್ರಿಕೆಯನ್ನ ನಾಡೇ ಕಾದು ಓದಿತು.

ಚರ್ಚಾಸ್ಪರ್ಧೆಯ ಕಟ್ಟುಪಾಡಿನಲ್ಲೇ ಒಂದು ಜಾಣತನ ಇತ್ತು. ಒಂದು ಕಾಲೇಜಿಂದ ಇಬ್ಬರು: ಒಬ್ಬರು ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿದ ಮೇಲೇ ಪರ್ಯಾಯ ಫಲಕ. ಅಂದ್ರೆ ಜೊತೆಗಾರನ ವಾದ ಗಟ್ಟಿಯಾಗಬೇಕಾದ್ರೆ ಅದನ್ನ ಹಾಸ್ಟೆಲ್ ರೂಮಿನಲ್ಲಿ ನೀವೇ ಒಡೆದು ತೋರಿಸಬೇಕು. ಐದು ನಿಮಿಷದ ಭಾಷಣ, ನಾಲ್ಕಕ್ಕೆ ಎಚ್ಚರಿಕೆ ಗಂಟೆ. ಉರು ಹೊಡೆದು ಬಂದವರು ಮುಗ್ಗರಿಸ್ತಿದ್ದದ್ದು ಆ ಗಂಟೆಗೇ. ಹಿಂದಿನವರು ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲ, ಮುಕ್ತಾಯಕ್ಕೆ ಹಾರೋಕೂ ಬರಲ್ಲ.

ಇನ್ನು ಕರಪತ್ರ. ಪ್ರೆಸ್ಸಿಗೆ ಕೊಡಲು ದುಡ್ಡಿಲ್ಲ ಅಂದ್ರೆ ಸೈಕ್ಲೋಸ್ಟೈಲ್, ಅಂದ್ರೆ ಕೈಯಲ್ಲಿ ತಿರುಗಿಸಿ ಪ್ರತಿ ತೆಗೆಯೋ ಯಂತ್ರ. ಮೇಣದ ಲೇಪದ ಸ್ಟೆನ್ಸಿಲ್ ಹಾಳೆಯ ಕೆಳಗೆ ಗಟ್ಟಿ ತಗಡು ಇಟ್ಟು, ಲೋಹದ ಮೊನೆಯ ಲೇಖನಿಯಿಂದ ಬರೀಬೇಕು. ಮೆಲ್ಲಗೆ ಗೀರಿದರೆ ಮೇಣ ಬಿಡಲ್ಲ, ಅಕ್ಷರ ಮಸುಕು. ಜೋರಾಗಿ ಒತ್ತಿದರೆ ಹಾಳೆಯೇ ಹರಿಯುತ್ತೆ. ಕನ್ನಡದಲ್ಲಿ ಇನ್ನೊಂದು ಪೇಚು: ನಮ್ಮ ಅಕ್ಷರಗಳೆಲ್ಲ ದುಂಡಗೆ. 'ಠ' ಬರೆಯುವಾಗ ಸುತ್ತು ಪೂರ್ತಿ ಕತ್ತರಿಸಿಹೋದ್ರೆ ನಡುವಿನ ತುಣುಕು ಉದುರಿ, ಅಚ್ಚಿನಲ್ಲಿ ಬರೀ ಕಪ್ಪು ಬೊಟ್ಟು. ಪಳಗಿದ ಕೈ ಅಲ್ಲಿ ಕೂದಲೆಳೆಯಷ್ಟು ಜಾಗ ಬಿಡ್ತಿತ್ತು. ತಪ್ಪಾದ ಕಡೆ ತಿದ್ದುವ ದ್ರಾವಣ ಬಳಿದು, ಒಣಗಿದ ಮೇಲೇ ಮತ್ತೆ ಬರೀಬೇಕು. ಅವಸರಪಟ್ರೆ ಅಲ್ಲೇ ತೂತು. ಆಮೇಲೆ ಸ್ಟೆನ್ಸಿಲನ್ನ ಉರುಳೆಗೆ ಸುಕ್ಕಿಲ್ಲದ ಹಾಗೆ ಹೊದಿಸಿ ಕೈಹಿಡಿ ತಿರುಗಿಸೋದು. ಕಾಗದ ಮಸಿ ಹೀರುವಂಥದ್ದೇ ಬೇಕು. ನುಣುಪು ಕಾಗದವಾದ್ರೆ ಒಂದರ ಮಸಿ ಮೇಲಿನದರ ಬೆನ್ನಿಗೆ ಹತ್ತುತ್ತೆ. ಎಲ್ಲ ಸರಿಯಾದ್ರೆ ಒಂದು ಸ್ಟೆನ್ಸಿಲಿಗೆ ನೂರಾರು ಪ್ರತಿ. ಬೆಳಗಾಗೋದರೊಳಗೆ ಊರಿಗೆಲ್ಲ ಹಂಚೋಕೆ ಅಷ್ಟು ಸಾಕು.

ಇದೆಲ್ಲ ಹುಡುಗಾಟ ಅಂತ ತಳ್ಳಿಹಾಕೋರಿಗೆ 1947ರ ಮೈಸೂರು ಚಲೋ ಚಳವಳಿ ನೆನಪಿರಲಿ. ದೇಶ ಸ್ವತಂತ್ರವಾಗಿ ವಾರಗಳು ಕಳೆದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ, ಅಂದ್ರೆ ಜನರಿಗೆ ಉತ್ತರ ಕೊಡೋ ಸರ್ಕಾರ, ಬಂದಿರಲಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದರು. ಸೆಪ್ಟೆಂಬರಿನಲ್ಲಿ ಗುಂಡಿಗೆ ಬಲಿಯಾದ ರಾಮಸ್ವಾಮಿ ಇನ್ನೂ ವಿದ್ಯಾರ್ಥಿ, ಮೈಸೂರಿನ ರಾಮಸ್ವಾಮಿ ವೃತ್ತ ಅವರ ಹೆಸರಿನದೇ. 1975ರ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಬಿದ್ದಾಗ ಕೆಲಸಕ್ಕೆ ಬಂದದ್ದು ಇದೇ ಸೈಕ್ಲೋಸ್ಟೈಲ್. ಬಳಸಿದ ಸ್ಟೆನ್ಸಿಲನ್ನ ಬೆಳಕಿಗೆ ಹಿಡಿದ್ರೆ ಬರೆದದ್ದೆಲ್ಲ ಓದಬಹುದು, ಸಿಕ್ಕಿಬಿದ್ರೆ ಅದೇ ಸಾಕ್ಷಿ. ಹಾಗಾಗಿ ಕೊನೇ ಪ್ರತಿ ಬಂದ ಕೂಡಲೇ ಅದನ್ನ ಸುಡದೆ ಗತಿಯಿಲ್ಲ.

ಈಗಿನ ಮಕ್ಕಳಿಗೆ ಆಸಕ್ತಿ ಇಲ್ಲ ಅನ್ನೋ ಮಾತನ್ನ ನಾನು ಒಪ್ಪಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿತು. ಜಾತಿ, ಹೊಡೆದಾಟ, ಹೊರಗಿನ ಪಕ್ಷಗಳ ಕೈವಾಡ ಇದ್ದದ್ದು ನಿಜ. ಅದಕ್ಕೆ ಮದ್ದು ಖರ್ಚಿಗೆ ಮಿತಿ, ಪ್ರಚಾರಕ್ಕೆ ನಿಯಮ, ಬಯಲಲ್ಲೇ ಮತ ಎಣಿಕೆ. ಮತವನ್ನೇ ಕಿತ್ತುಕೊಳ್ಳೋದಲ್ಲ. ಇವತ್ತು ಫೆಸ್ಟಿನ ವೇದಿಕೆ ಕಟ್ಟೋದು ಈವೆಂಟ್ ಕಂಪನಿ, ಅತಿಥಿಯನ್ನ ಆರಿಸೋದು ಆಡಳಿತ ಮಂಡಳಿ. ವಿದ್ಯಾರ್ಥಿಯ ಪಾಲಿಗೆ ಉಳಿದದ್ದು ಕೂತು ನೋಡೋ ಕುರ್ಚಿ ಮಾತ್ರ. ಸಂಘದ ಶುಲ್ಕ ಕಟ್ಟೋರು ಅವರೇ ಅಂದ ಮೇಲೆ ಆ ದುಡ್ಡಿನ ಲೆಕ್ಕ, ಭಾಷಣಕಾರರ ಆಯ್ಕೆ, ಪತ್ರಿಕೆಯ ಸಂಪಾದಕತ್ವ, ಈ ಮೂರೂ ಚುನಾಯಿತ ವಿದ್ಯಾರ್ಥಿಗಳ ಕೈಗೇ ಬರಬೇಕು. ಅದೂ ಬರೋ ಶೈಕ್ಷಣಿಕ ವರ್ಷದಿಂದಲೇ.