ಅನಾಥಾಶ್ರಮದ ನೋಂದಣಿ ರದ್ದಾದರೆ ಅಲ್ಲಿನ ಮಕ್ಕಳು ಎಲ್ಲಿಗೆ ಹೋಗುತ್ತಾರೆ?

ನಮಸ್ಕಾರ. ಅನಾಥಾಶ್ರಮಗಳಲ್ಲಿರುವ ಮಕ್ಕಳೆಲ್ಲರೂ ಅನಾಥರಲ್ಲ. ಮನೆಯ ಬಡತನ ತಾಳಲಾರದೆ, ಓದಾದರೂ ಆಗಲಿ ಎಂದು ತಂದೆಯೋ ತಾಯಿಯೋ ತಂದು ಸೇರಿಸಿದ ಮಕ್ಕಳೂ ಅಲ್ಲಿದ್ದಾರೆ. ನಿಯಮಗಳು ಬಿಗಿಯಾದಾಗ ಈ ಮಕ್ಕಳಿಗೆ ಏನಾಗುತ್ತದೆ ಎಂಬುದನ್ನು ಇಂದು ನೋಡೋಣ.

[ತೆರೆಯ ಮೇಲೆ: ಬಾಲನ್ಯಾಯ ಕಾಯ್ದೆ, 2015]

2016ರ ಜನವರಿ 15ರಂದು ಜಾರಿಗೆ ಬಂದ ಈ ಕಾಯ್ದೆಯ 41ನೇ ಕಲಮಿನಂತೆ, ಸರ್ಕಾರದ ಅನುದಾನ ಪಡೆಯಲಿ, ಪಡೆಯದಿರಲಿ, ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ನೋಂದಣಿ ಮಾಡಿಸಿ, ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ತಪ್ಪಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಕೇಂದ್ರದ 2016ರ ಮಾದರಿ ನಿಯಮಗಳು ಮಲಗುವ ಕೋಣೆಯಲ್ಲಿ ಮಗುವೊಂದಕ್ಕೆ 40 ಚದರ ಅಡಿಯ ಲೆಕ್ಕ ಹಾಕಿವೆ. ಅಂದರೆ 25 ಮಕ್ಕಳ ಕೋಣೆ 1,000 ಚದರ ಅಡಿ ಇರಬೇಕು. ಬಾಡಿಗೆ ಕಟ್ಟಡದಲ್ಲಿ, ದಾನಿಗಳು ಕೊಟ್ಟ ಅಕ್ಕಿ ಬೇಳೆಯ ಮೇಲೆ ನಡೆಯುವ ಆಶ್ರಮಕ್ಕೆ ಇದು ಸಣ್ಣ ಹೊರೆಯಲ್ಲ. ಆದರೂ ಈ ಬಿಗಿ ಬೇಕಿತ್ತು. ಯಾವ ದಾಖಲೆಯಲ್ಲೂ ಇಲ್ಲದ ಮಗು ಕಾಣೆಯಾದರೆ ಕೇಳುವವರೇ ಇರುವುದಿಲ್ಲ.

ತೊಡಕಿರುವುದು ನೋಂದಣಿ ರದ್ದಾದ ಮೇಲೆ. ಪುನರ್ವಸತಿ ಸೇವೆ ಒದಗಿಸದ ಸಂಸ್ಥೆಯ ನೋಂದಣಿಯನ್ನು ರದ್ದುಪಡಿಸಿದರೆ, ಅದು ಮತ್ತೆ ಸಿಗುವವರೆಗೆ ಸರ್ಕಾರವೇ ಆ ಸಂಸ್ಥೆಯನ್ನು ನಡೆಸಬೇಕೆಂದು ಅದೇ ಕಲಂ ಹೇಳುತ್ತದೆ. ಹೆಚ್ಚು ಜನ ಗಮನಿಸದ ಮಾತಿದು. ಸಂಸ್ಥೆಯೇ ಮುಚ್ಚಿದರೆ, ಇಂಥ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲಾ ಮಟ್ಟದ ಮಕ್ಕಳ ಕಲ್ಯಾಣ ಸಮಿತಿಯು ಅವರನ್ನು ಸರ್ಕಾರಿ ಬಾಲಮಂದಿರಕ್ಕೋ, ಬೇರೆ ಸಂಸ್ಥೆಗೋ, ಮನೆಗೋ ಕಳುಹಿಸಬೇಕಾಗುತ್ತದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ನವೆಂಬರಿನಲ್ಲಿ ಟಿ.ಸಿ. ಹಿಡಿದು ಬೇರೆ ಜಿಲ್ಲೆಗೆ ಹೋಗಬೇಕಾಯಿತು ಎಂದಿಟ್ಟುಕೊಳ್ಳಿ: ಅರ್ಧ ವರ್ಷದ ಪಾಠ, ಸಮವಸ್ತ್ರ, ತಲೆ ಬಾಚುತ್ತಿದ್ದ ಗೃಹಮಾತೆ, ಎಲ್ಲವೂ ಒಂದೇ ದಿನ ಬದಲಾಗುತ್ತವೆ.

[ತೆರೆಯ ಮೇಲೆ: 2020]

ಆ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು, ಸಂಸ್ಥೆಗಳಲ್ಲಿರುವ ಮಕ್ಕಳನ್ನು 100 ದಿನಗಳೊಳಗೆ ಕುಟುಂಬಕ್ಕೆ ಮರಳಿಸುವಂತೆ ಕರ್ನಾಟಕ ಸೇರಿ 8 ರಾಜ್ಯಗಳಿಗೆ ಸೂಚಿಸಿತು. ಸಂಸ್ಥೆಯ ವಾಸ ಕೊನೆಯ ದಾರಿಯಾಗಿರಬೇಕು ಎಂಬ ತತ್ವ ಕಾಯ್ದೆಯಲ್ಲೇ ಇದೆ, ನಿಜ. ಆದರೆ ಮಗುವನ್ನು ಹೊರಗೆ ಕಳುಹಿಸಿದ ಬಡತನ 100 ದಿನಗಳಲ್ಲಿ ತೀರುವಂಥದ್ದಲ್ಲ. ಕೋವಿಡ್ ಕಾಲದಲ್ಲಿ ಮನೆಗೆ ಮರಳಿದ ಮಕ್ಕಳ ಓದಿಗಾಗಿ ತಿಂಗಳಿಗೆ 2,000 ರೂಪಾಯಿ ನೀಡುವಂತೆ ಸುಪ್ರೀಂ ಕೋರ್ಟ್ ಅದೇ ಡಿಸೆಂಬರಿನಲ್ಲಿ ಆದೇಶಿಸಬೇಕಾಯಿತು. ಈಗ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ, ಅಂದರೆ ಮಗು ಕುಟುಂಬದಲ್ಲೇ ಬೆಳೆಯಲು ಕೊಡುವ ಹಣದ ನೆರವಿನಡಿ, ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ನೋಂದಣಿ ರದ್ದುಪಡಿಸುವ ಆದೇಶದಲ್ಲೇ ಪ್ರತಿ ಮಗುವಿನ ಮುಂದಿನ ವಿಳಾಸ, ಶಾಲೆ ಮತ್ತು ಈ ನೆರವು ಯಾವ ತಿಂಗಳಿನಿಂದ ಆರಂಭ ಎಂಬುದು ನಮೂದಾಗಿರಬೇಕು ಎಂಬುದು ನಮ್ಮ ಅಭಿಪ್ರಾಯ.