ಸಾಲು ಕರಗಿಸಿದ ಡೇವ್

ಕೇಳುಗರಿಗೆ ನಮಸ್ಕಾರ.

2020ರ ಮಳೆಗಾಲ. ನಮ್ಮ ಅಮ್ಮ ಜರ್ಮನಿಯಲ್ಲಿ ಓದುತ್ತಿದ್ದ ಮೊಮ್ಮಗಳ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಿದ್ದರು. ಇದ್ದಕ್ಕಿದ್ದಂತೆ ಚಿತ್ರ ನಿಂತುಬಿಟ್ಟಿತು. "ಪುಟ್ಟೀ, ಕೇಳಿಸ್ತಾ ಇದೆಯಾ? ಹಲೋ?" ಅನ್ನುತ್ತಾ ಅಮ್ಮ ಫೋನ್ ಹಿಡಿದು ಕಿಟಕಿ ಹತ್ತಿರ ಹೋದರು. ಒಳಗಿನ ಕೋಣೆಯಲ್ಲಿ ನನ್ನ ಮಗ ಯಾವುದೋ ಮದುವೆಯ ವಿಡಿಯೋ ಅಪ್‌ಲೋಡ್ ಮಾಡುತ್ತಾ ಕೂತಿದ್ದ. ಅದು ಮುಗಿದ ಕೂಡಲೇ ಮೊಮ್ಮಗಳ ದನಿ ಸರಿಹೋಯಿತು. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದೆ. "ದೊಡ್ಡ ಪ್ಲಾನ್ ಹಾಕಿಸ್ಕೊಳ್ಳಿ ಸಾರ್" ಅಂದರು. ಹಾಕಿಸಿದೆ. ಬಿಲ್ ಜಾಸ್ತಿ ಆಯಿತು. ಮಾತು ಕಟ್ ಆಗುವುದು ಮಾತ್ರ ನಿಲ್ಲಲಿಲ್ಲ.

ಸ್ಪೀಡ್ ಇದೆ, ಆದರೂ ಯಾಕೆ ಹೀಗೆ? ಇದನ್ನು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಹೆಸರು ಡೇವ್ ಟಾಹ್ಟ್. ಅಮೆರಿಕದ ಎಂಜಿನಿಯರ್. ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಎಂಬ ಕಡಲತೀರದ ಊರಿನಲ್ಲಿ, ದೋಣಿಯಲ್ಲೇ ವಾಸ. 2025ರ ಏಪ್ರಿಲ್ 1ರಂದು ತೀರಿಕೊಂಡರು. ಆಗ ಅವರಿಗೆ 59 ವರ್ಷ. ನಾನು ಅವರನ್ನು ಒಮ್ಮೆಯೂ ನೋಡಿದವನಲ್ಲ. ಆದರೂ ಸುದ್ದಿ ಓದಿದ ದಿನ ಮನೆಯವರೊಬ್ಬರು ಹೋದಷ್ಟು ಸಂಕಟವಾಯಿತು.

ಅವರು ಹಿಡಿದ ಕೆಲಸ ಏನು ಅಂತ ಹೇಳುತ್ತೇನೆ. ನಾವು ಕಳಿಸುವ ಫೋಟೋ, ಮಾತು, ವಿಡಿಯೋ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತವೆ. ದಾರಿ ಕಿರಿದಾದ ಕಡೆ ಅವು ಸಾಲು ನಿಲ್ಲಬೇಕು. ಆ ಸಾಲು ನಿಲ್ಲುವ ಜಾಗಕ್ಕೆ ಬಫರ್ ಅನ್ನುತ್ತಾರೆ. ಜಾಗ ತುಂಬಿದರೆ ಪ್ಯಾಕೆಟ್ ಬಿದ್ದುಹೋಗುತ್ತದೆ. ಹಾಗೆ ಬಿದ್ದಾಗಲೇ ಕಳಿಸುವ ಕಂಪ್ಯೂಟರ್‌ಗೆ "ಓ, ದಾರಿ ತುಂಬಿದೆ, ನಿಧಾನ ಮಾಡೋಣ" ಅಂತ ಸಾಮಾನ್ಯವಾಗಿ ಗೊತ್ತಾಗುವುದು. ಮೆಮೊರಿ ಅಗ್ಗವಾದ ಮೇಲೆ ಆಗಿದ್ದೇ ಬೇರೆ. ಒಂದು ಪ್ಯಾಕೆಟ್ ಕೂಡ ಬೀಳಬಾರದು ಅಂತ ರೌಟರ್, ಮೋಡೆಮ್ ಮಾಡುವವರು ದೊಡ್ಡ ದೊಡ್ಡ ಬಫರ್ ಇಟ್ಟರು. ಏನೂ ಬೀಳುವುದಿಲ್ಲ, ಹಾಗಾಗಿ ಯಾರೂ ನಿಧಾನ ಮಾಡುವುದಿಲ್ಲ. ಸಾಲು ಬೆಳೆಯುತ್ತಲೇ ಹೋಗುತ್ತದೆ. ಅಮ್ಮನ ಒಂದು "ಹಲೋ" ಮದುವೆ ವಿಡಿಯೋದ ಸಾವಿರಾರು ತುಂಡುಗಳ ಹಿಂದೆ ನಿಂತು ಕಾಯುತ್ತಿತ್ತು. ದಾರಿ ಅಗಲ ಮಾಡಿದರೂ ಅದನ್ನೂ ತುಂಬಿಸುವಷ್ಟು ಅಪ್‌ಲೋಡ್ ಮನೆಯಲ್ಲೇ ಇರುತ್ತದಲ್ವಾ?

ಜಿಮ್ ಗೆಟ್ಟಿಸ್ ಎಂಬ ಹಿರಿಯ ಎಂಜಿನಿಯರ್ 2010ರಲ್ಲಿ ತಮ್ಮ ಮನೆಯಲ್ಲೇ ಈ ತೊಂದರೆ ಕಂಡು, ಅದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿಟ್ಟರು. ಬಫರ್ ಊದಿಕೊಳ್ಳುವ ಕಾಯಿಲೆ ಅನ್ನಬಹುದು. ಅವರ ಜೊತೆ ಸೇರಿ ಡೇವ್ ಇದನ್ನು ವಾಸಿಮಾಡಲು ಹೊರಟರು. ಸೆರೋವರ್ಟ್ ಎಂಬ ಪ್ರಯೋಗದ ಸಾಫ್ಟ್‌ವೇರ್ ಕಟ್ಟಿ, ಮನೆಮನೆಯ ರೌಟರ್‌ಗೆ ಹಾಕಿಸಿ, ಅಳೆದು, ಕೆಡಿಸಿ, ಮತ್ತೆ ಕಟ್ಟಿದರು.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಉಪಾಯ ಕೊಟ್ಟರು. ಸಾಲಿನಲ್ಲಿ ಎಷ್ಟು ಪ್ಯಾಕೆಟ್ ಇವೆ ಅಂತ ಅದು ಎಣಿಸುವುದಿಲ್ಲ. ಒಂದೊಂದೂ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. ಸೆಕೆಂಡಿನ ಸಾವಿರದಲ್ಲಿ 5 ಪಾಲಿಗಿಂತ ಜಾಸ್ತಿ ಕಾಯುವುದು ನಿಲ್ಲದೆ ಮುಂದುವರಿದರೆ, ಒಂದು ಪ್ಯಾಕೆಟ್ ಬೀಳಿಸಿ ಎಚ್ಚರಿಕೆ ಕೊಡುತ್ತದೆ. ಅದೇ ವರ್ಷ ಎರಿಕ್ ಡುಮಾಜೆ ಎಂಬ ಎಂಜಿನಿಯರ್ ಅದಕ್ಕೆ ಇನ್ನೊಂದು ಗುಣ ಸೇರಿಸಿ ಎಫ್‌ಕ್ಯೂ ಕೋಡೆಲ್ ಮಾಡಿದರು. ನಮ್ಮ ಊರಿನ ದಿನಸಿ ಅಂಗಡಿಯಲ್ಲಿ ತಿಂಗಳ ಸಾಮಾನಿನ ಚೀಟಿ ಹಿಡಿದವರ ಹಿಂದೆ ಒಂದು ಬೆಂಕಿಪೊಟ್ಟಣಕ್ಕೆ ಬಂದವನು ನಿಂತಿದ್ದರೆ ಶೆಟ್ಟರು ಏನು ಮಾಡುತ್ತಾರೆ? ಬೆಂಕಿಪೊಟ್ಟಣ ಮೊದಲು ಕೊಟ್ಟು ಕಳಿಸುತ್ತಾರೆ. ಎಫ್‌ಕ್ಯೂ ಕೋಡೆಲ್ ಮಾಡುವುದೂ ಅದನ್ನೇ. ಮಾತಿನ ಸಣ್ಣ ಪ್ಯಾಕೆಟ್‌ಗೆ ಬೇರೆ ಸಾಲು, ಬೇಗ ದಾರಿ.

ಇದು ಒಬ್ಬರ ಕೆಲಸವಲ್ಲ, ಡೇವ್ ಕೂಡ ಹಾಗೆ ಹೇಳಿಕೊಂಡವರಲ್ಲ. ಆದರೆ ಲ್ಯಾಬಿನಲ್ಲಿದ್ದ ಉಪಾಯ ಮನೆಗಳಿಗೆ ಬಂದಿದ್ದು ಅವರ ಹಠದಿಂದ ಅಂತಲೇ ನಾನು ನಂಬಿದ್ದೇನೆ. ಸಭೆಗಳಲ್ಲಿ ಕೂತವರನ್ನೇ ವೇದಿಕೆಗೆ ಕರೆದು ಪ್ಯಾಕೆಟ್‌ಗಳಾಗಿ ಸಾಲು ನಿಲ್ಲಿಸಿ, ಕಾಯುವುದು ಅಂದರೇನು ಅಂತ ತೋರಿಸುತ್ತಿದ್ದರು. ಗಿಟಾರ್ ನುಡಿಸಿ ಹಾಡೂ ಹೇಳುತ್ತಿದ್ದರು. ರೌಟರ್ ಸಾಫ್ಟ್‌ವೇರನ್ನು ಹೊರಗಿನವರು ಮುಟ್ಟದ ಹಾಗೆ ಬೀಗ ಬೀಳುತ್ತದೆ ಎಂಬ ಆತಂಕ 2015ರಲ್ಲಿ ಅಮೆರಿಕದಲ್ಲಿ ಎದ್ದಿತು. ಆಗ ಡೇವ್ ಮತ್ತು ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್ 260 ಮಂದಿ ತಜ್ಞರ ಜೊತೆ ಸರ್ಕಾರಕ್ಕೆ ಪತ್ರ ಬರೆದರು. ಬೀಗ ಬೇಡ, ಸೋರ್ಸ್ ಕೋಡ್ ಅಂದರೆ ಸಾಫ್ಟ್‌ವೇರ್ ಬರೆದ ಮೂಲ ಸಾಲುಗಳನ್ನು ಎಲ್ಲರಿಗೂ ಕಾಣುವಂತೆ ಇಡಿ, ದೋಷ ಸಿಕ್ಕರೆ 45 ದಿನದೊಳಗೆ ಸರಿಮಾಡಿ ಅಂತ ಕೇಳಿದರು.

ವೈಫೈ ಬೇರೆಯೇ ತಲೆನೋವು. ನಿಧಾನದ ಒಂದು ಫೋನ್ ಇದ್ದರೆ ಮನೆಯವರೆಲ್ಲ ನಿಧಾನವಾಗುತ್ತಿದ್ದರು. ಟೋಕೆ ಹೊಯ್‌ಲಂಡ್ ಯೋರ್ಗೆನ್‌ಸೆನ್ ಮತ್ತಿತರರ ಜೊತೆ ಡೇವ್ ಅದನ್ನೂ ಹಿಡಿದು ಬಗೆಹರಿಸಿದರು. ಸಾಲು ನಿಭಾಯಿಸುವ ಕೇಕ್ ಎಂಬ ಇನ್ನೂ ಒಳ್ಳೆಯ ಸಾಫ್ಟ್‌ವೇರ್ 2018ರಲ್ಲಿ ಲಿನಕ್ಸ್‌ಗೆ, ಅಂದರೆ ಎಷ್ಟೋ ರೌಟರ್‌ಗಳನ್ನು ನಡೆಸುವ ಮೂಲ ಸಾಫ್ಟ್‌ವೇರ್‌ಗೆ, ಸೇರಿತು. ಎಲ್ಲವೂ ಪುಕ್ಕಟೆ. ಕೊನೆಯ ವರ್ಷಗಳಲ್ಲಿ ಲಿಬ್ರೆಕ್ಯೂಓಎಸ್ ತಂಡದಲ್ಲಿ ಸಣ್ಣ ಊರುಗಳ ಇಂಟರ್ನೆಟ್ ಕಂಪನಿಗಳಿಗಾಗಿ ದುಡಿದರು.

ನಾನು ಹಳೆಯ ರೌಟರ್ ಒಂದಕ್ಕೆ ಓಪನ್‌ವರ್ಟ್ ಎಂಬ ಪುಕ್ಕಟೆ ರೌಟರ್ ಸಾಫ್ಟ್‌ವೇರ್ ಹಾಕಿ, ಕೇಕ್ ಆನ್ ಮಾಡಿ, ಸಾಲು ಇಲ್ಲೇ ನಿಲ್ಲಲಿ ಅಂತ ಸ್ಪೀಡನ್ನು ಲೈನಿಗಿಂತ ಸ್ವಲ್ಪ ಕಡಿಮೆ ಇಟ್ಟೆ. ಮಗನಿಗೆ ಅಪ್‌ಲೋಡ್ ಮಾಡು ಅಂದೆ. ಅಮ್ಮ ಮೊಮ್ಮಗಳಿಗೆ ಹಲಸಿನ ಹಪ್ಪಳದ ಹಿಟ್ಟಿನ ಹದ ಹೇಳುತ್ತಿದ್ದರು. ಒಂದು ಮಾತೂ ತುಂಡಾಗಲಿಲ್ಲ.

ಡೇವ್ ಹೋದ ಸುದ್ದಿ ಬಂದ ರಾತ್ರಿ ಲಿನಕ್ಸ್‌ನ ಕೋಡೆಲ್ ಫೈಲ್ ತೆರೆದು ನೋಡಿದೆ. ಮೇಲ್ಗಡೆ ನಾಲ್ಕು ಹೆಸರುಗಳಿವೆ. ಮೂರನೆಯದು ಮೈಕೆಲ್ ಡಿ. ಟಾಹ್ಟ್, 2012. ಡೇವ್ ಅವರ ಪೂರ್ತಿ ಹೆಸರು ಅದು.

ನಮಸ್ಕಾರ.